ಸಾಲ್ಮನ್ ಹಿಡಿಯೋದು ಹೇಗೆ, ಅದಕ್ಕೆ ಎಂಥ ಬೋಟ್ ಬೇಕು: ಸಮಗ್ರ ಮಾರ್ಗದರ್ಶಿ

ಸಾಲ್ಮನ್ ಹಿಡಿಯುವ ಆಸೆ ಹುಟ್ಟಿದ ತಕ್ಷಣ ಹೆಚ್ಚಿನವರು ಮೊದಲು ಬೋಟ್ ಹುಡುಕುತ್ತಾರೆ. ನಾನೂ ಹಾಗೇ ಮಾಡಿದೆ. ಬೋಟ್ ಬಂತು, ಮೀನು ಬರಲಿಲ್ಲ. ಪಕ್ಕದಲ್ಲೇ ಒಂದು ಹಳೇ ಅಲ್ಯೂಮಿನಿಯಂ ದೋಣಿಯಲ್ಲಿ ಕೂತ ಅಜ್ಜ ಒಂದಾದ ಮೇಲೊಂದು ಎತ್ತುತ್ತಿದ್ದರು. ಅವರ ಹತ್ತಿರ ರೇಡಾರ್ ಇರಲಿಲ್ಲ, ದೊಡ್ಡ ಪರದೆ ಇರಲಿಲ್ಲ. ಗಾಳ ಎಷ್ಟು ಆಳದಲ್ಲಿದೆ, ನೀರಿನಲ್ಲಿ ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಸಾಲ್ಮನ್ ಬೇಟೆಯ ಮುಕ್ಕಾಲು ಪಾಲು ಈ ಎರಡರಲ್ಲೇ ಇದೆ. ಒಳ್ಳೆಯ ಬೋಟ್ ಅಂದರೆ ಈ ಎರಡನ್ನೂ ದಿನವಿಡೀ ಹಿಡಿದಿಡಲು ಬಿಡುವ ಬೋಟ್. ಆದ್ದರಿಂದ ಇಲ್ಲಿ ಮೀನು ಮೊದಲು, ಬೋಟ್ ಆಮೇಲೆ.

ನಾನು ಹೇಳುತ್ತಿರುವುದು ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಮಾತು. ಅಲಾಸ್ಕಾ, ಕೆನಡಾದ ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್ ರಾಜ್ಯ, ಒರೆಗಾನ್. ಮಿಶಿಗನ್ ಸರೋವರದಲ್ಲೂ 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್ ಮರಿಗಳನ್ನು ಬಿಟ್ಟರು, ಅಲ್ಲೂ ಈಗ ಜೋರಾಗಿ ಬೇಟೆ ನಡೆಯುತ್ತದೆ. ಕೌಶಲ ಹೆಚ್ಚುಕಡಿಮೆ ಒಂದೇ. ಅಲ್ಲಿ ಉಬ್ಬರ ಇಳಿತದ ಲೆಕ್ಕ ಮಾತ್ರ ಬೇಕಿಲ್ಲ.

ಮೊದಲು ಮೀನನ್ನು ಗುರುತಿಸಿ

ಈ ಕರಾವಳಿಯಲ್ಲಿ ಐದು ಬಗೆಯ ಸಾಲ್ಮನ್ ಇವೆ: ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್. ಚಿನೂಕ್‌ಗೆ ಕಿಂಗ್ ಅಂತಲೂ, ಕೋಹೋಗೆ ಸಿಲ್ವರ್ ಅಂತಲೂ ಹೆಸರು. ಗುರುತು ಹಿಡಿಯುವುದು ಬರೀ ಕುತೂಹಲಕ್ಕಲ್ಲ. ಒಂದು ಬಗೆಯನ್ನು ಇಟ್ಟುಕೊಳ್ಳಬಹುದು, ಅದೇ ದಿನ ಅದೇ ಜಾಗದಲ್ಲಿ ಇನ್ನೊಂದನ್ನು ಬಿಡಲೇಬೇಕು ಅನ್ನುವ ನಿಯಮ ಸಾಮಾನ್ಯ. ತಪ್ಪಿದರೆ ದಂಡ.

ಬಾಯಿ ತೆರೆದು ಕೆಳದವಡೆಯ ಒಸಡು ನೋಡಿ. ಹಲ್ಲಿನ ಬುಡ ಕಪ್ಪಗಿದ್ದು, ಬಾಲದ ಮೇಲಿನ ಕೆಳಗಿನ ಎರಡೂ ಭಾಗದಲ್ಲಿ ಚುಕ್ಕೆ ಇದ್ದರೆ ಚಿನೂಕ್. ಹಲ್ಲಿನ ಬುಡ ಬೆಳ್ಳಗಿದ್ದು, ಚುಕ್ಕೆ ಬಾಲದ ಮೇಲ್ಭಾಗಕ್ಕೆ ಮಾತ್ರ ಇದ್ದರೆ ಕೋಹೋ. ಬಾಲದ ತುಂಬ ದೊಡ್ಡ ಮೊಟ್ಟೆಯಾಕಾರದ ಚುಕ್ಕೆ ಇದ್ದರೆ ಪಿಂಕ್. ಸಾಕೈ ಮತ್ತು ಚಮ್‌ಗೆ ಎದ್ದು ಕಾಣುವ ಕಪ್ಪು ಚುಕ್ಕೆಯೇ ಇರುವುದಿಲ್ಲ. ಪಿಂಕ್‌ಗೆ ಎರಡೇ ವರ್ಷದ ಬದುಕು. ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ನದಿಗೂ ವಾಷಿಂಗ್ಟನ್‌ನ ಪ್ಯೂಜೆಟ್ ಸೌಂಡ್ ಅನ್ನುವ ಒಳಸಮುದ್ರಕ್ಕೂ ಅವು ಹಿಂಡುಗಟ್ಟಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ. ಹೊಸಬರಿಗೆ ಆ ವರ್ಷಗಳೇ ಒಳ್ಳೆಯ ಪಾಠಶಾಲೆ, ಕೈ ಖಾಲಿ ಬರುವುದು ಕಡಿಮೆ.

ಎಲ್ಲರ ಕನಸು ಚಿನೂಕ್. ಗಾಳದಲ್ಲಿ ಸಿಕ್ಕಿದ ಅತಿ ದೊಡ್ಡ ಚಿನೂಕ್‌ನ ವಿಶ್ವದಾಖಲೆ 97 ಪೌಂಡ್ 4 ಔನ್ಸ್, ಅಂದರೆ ಸುಮಾರು 44 ಕೆಜಿ. ಅಲಾಸ್ಕಾದ ಕೀನಾಯ್ ನದಿಯಲ್ಲಿ, 1985ರಲ್ಲಿ. ನಿಮಗೆ ಅಂಥದ್ದು ಸಿಗುತ್ತೆ ಅಂತ ಹೇಳ್ತಿಲ್ಲ. 15 ಪೌಂಡಿನದು ಸಿಕ್ಕರೂ ಕೈ ನಡುಗುತ್ತದೆ.

ಲೈಸೆನ್ಸ್ ಮತ್ತು ನಿಯಮ

ಇದನ್ನು ಬೇಗ ಮುಗಿಸೋಣ, ಆದರೆ ಬಿಡೋದು ಬೇಡ. ಬ್ರಿಟಿಷ್ ಕೊಲಂಬಿಯಾದ ಸಮುದ್ರದಲ್ಲಿ ಲೈಸೆನ್ಸ್ ಜೊತೆಗೆ ಸಾಲ್ಮನ್ ಸ್ಟ್ಯಾಂಪ್ (ಬೇರೆ ದುಡ್ಡು ಕೊಟ್ಟು ಪಡೆಯುವ ಪರವಾನಗಿ) ಇದ್ದರೆ ಮಾತ್ರ ಸಾಲ್ಮನ್ ಇಟ್ಟುಕೊಳ್ಳಬಹುದು. ಚಿನೂಕ್ ಇಟ್ಟುಕೊಂಡರೆ ಆ ಕ್ಷಣವೇ ದಾಖಲಿಸಬೇಕು, ದಡಕ್ಕೆ ಬಂದ ಮೇಲೆ ಅಲ್ಲ. ಅಲಾಸ್ಕಾದಲ್ಲಿ ಕಿಂಗ್‌ಗೆ ಬೇರೆಯೇ ಸ್ಟ್ಯಾಂಪ್. ಬ್ರಿಟಿಷ್ ಕೊಲಂಬಿಯಾ, ವಾಷಿಂಗ್ಟನ್ ಎರಡೂ ಕಡೆ ಸಮುದ್ರದ ಸಾಲ್ಮನ್‌ಗೆ ಮುಳ್ಳಿಲ್ಲದ ಗಾಳವನ್ನೇ ಬಳಸಬೇಕು. ಮುಳ್ಳು ಅಂದರೆ ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿರುವ ಪುಟ್ಟ ಚೂಪು. ಇರುವ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೂ ನಡೆಯುತ್ತದೆ. ಒತ್ತಿದ ಮೇಲೆ ಬಟ್ಟೆಗೆ ಚುಚ್ಚಿ ಎಳೆದು ನೋಡಿ, ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ.

ವಾಷಿಂಗ್ಟನ್‌ನಲ್ಲಿ ಹಲವು ಕಡೆ ಸಾಕಣೆ ಕೇಂದ್ರದ ಮೀನನ್ನು ಮಾತ್ರ ಇಟ್ಟುಕೊಳ್ಳಬಹುದು. ಬೆನ್ನಿನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಮಾಂಸದ ರೆಕ್ಕೆ ಇರುತ್ತದಲ್ಲ, ಮರಿಯಾಗಿದ್ದಾಗಲೇ ಅದನ್ನು ಕತ್ತರಿಸಿರುತ್ತಾರೆ. ಆ ಜಾಗದಲ್ಲಿ ವಾಸಿಯಾದ ಗುರುತು ಇದ್ದರೆ ಸಾಕಣೆಯದು. ರೆಕ್ಕೆ ಇದ್ದರೆ ಕಾಡು ಮೀನು, ನೀರಿನಲ್ಲೇ ಬಿಡಿಸಿ ಕಳಿಸಿ. ದಿನದ ಮಿತಿ, ಉದ್ದದ ಮಿತಿ, ತೆರೆದಿರುವ ಜಾಗ ಎಲ್ಲವೂ ಸೀಸನ್ ನಡುವೆಯೇ ಬದಲಾಗುತ್ತವೆ. ಹಿಂದಿನ ರಾತ್ರಿ ಇಲಾಖೆಯ ತಾಣ ನೋಡಿಯೇ ಹೊರಡಿ.

ಎಲ್ಲಿ, ಯಾವಾಗ

ಸಾಲ್ಮನ್ ಹುಡುಕಬೇಡಿ, ಅದರ ಊಟ ಹುಡುಕಿ. ಹೆರಿಂಗ್, ಮರಳುಮೀನು, ಆಂಚೊವಿಯ ಹಿಂಡು ಎಲ್ಲಿದೆಯೋ ಅಲ್ಲೇ ಸಾಲ್ಮನ್. ಹಕ್ಕಿಗಳು ಒಂದೇ ಕಡೆ ಮುಗಿಬಿದ್ದಿದ್ದರೆ ಕೆಳಗೆ ಯಾರೋ ಸಣ್ಣ ಮೀನನ್ನು ಮೇಲಕ್ಕೆ ಅಟ್ಟಿದ್ದಾರೆ ಅಂತ ಅರ್ಥ. ಎರಡು ಹರಿವು ಸೇರುವ ಕಡೆ ನೀರಿನ ಮೇಲೆ ಒಂದು ಗೆರೆ ಕಾಣುತ್ತದೆ. ಎಲೆ, ಕಡ್ಡಿ, ನೊರೆ, ಕೆಲ್ಪ್ ಅನ್ನುವ ಕಡಲಕಳೆ ಎಲ್ಲ ಆ ಗೆರೆಯಲ್ಲಿ ಸಾಲಾಗಿ ತೇಲುತ್ತಿರುತ್ತವೆ. ಅದರ ಅಂಚಿನಲ್ಲಿ ಓಡಿಸಿ. ನೆಲ ಸಮುದ್ರಕ್ಕೆ ಮೂಗು ಚಾಚಿರುವ ಕಡೆ, ಹರಿವಿನ ಮರೆಯಲ್ಲಿ ನೀರು ಹಿಂದಕ್ಕೆ ಸುತ್ತುತ್ತದೆ. ಚಿನೂಕ್ ಕಾದಿರಲು ಇಷ್ಟಪಡುವ ಜಾಗ ಅದು.

ಬೆಳಕು ಹರಿಯುವ ಹೊತ್ತು ಒಳ್ಳೆಯದು. ಉಬ್ಬರ ಇಳಿತ ತಿರುಗುವ ಹೊತ್ತು ಇನ್ನೂ ಒಳ್ಳೆಯದು. ಎರಡೂ ಒಂದೇ ಗಂಟೆಗೆ ಕೂಡಿಬಂದ ದಿನ ರಜೆ ಹಾಕಿಬಿಡಿ.

ಆಳದ ಅಂದಾಜು ಹೀಗೆ. ಕೋಹೋ ಮೇಲಿನ ಪದರದ ಮೀನು, 20ರಿಂದ 60 ಅಡಿಯಲ್ಲಿ ಶುರು ಮಾಡಿ. ಚಿನೂಕ್‌ಗೆ ಬೆಳಕು ಕಂಡರಾಗದು. ನಸುಕಿನಲ್ಲಿ 40 ಅಡಿಯಲ್ಲಿ ಸಿಕ್ಕಿದ್ದು ಬಿಸಿಲೇರಿದ ಮೇಲೆ 100 ಅಡಿಗೂ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ತಳಕ್ಕೆ ತಾಗಿದಂತೆಯೇ ಇರುತ್ತದೆ.

ಎರೆ ಕತ್ತರಿಸುವ ಕಲೆ

ಹೂಚಿ ಅನ್ನುವ ರಬ್ಬರ್ ಎರೆ, ತಗಡಿನ ಸ್ಪೂನ್, ಮೀನಿನಾಕಾರದ ಗಟ್ಟಿ ಎರೆಯಾದ ಪ್ಲಗ್ ಎಲ್ಲವೂ ಕೆಲಸ ಮಾಡುತ್ತವೆ. ಆದರೆ ತಲೆ ಕತ್ತರಿಸಿದ ಹೆರಿಂಗ್ ಕಲಿತವರಿಗೆ ಎಂದೂ ಬೇರೆ ಎರೆ ಇಲ್ಲ ಅನ್ನುವ ಚಿಂತೆ ಇರುವುದಿಲ್ಲ. ಅದನ್ನು ನಿಧಾನವಾಗಿ ನೋಡೋಣ.

ಹೆರಿಂಗ್ ಪೂರ್ತಿ ಕರಗಿರಬಾರದು, ಅರೆ ಗಟ್ಟಿ ಇರಲಿ. ಹಿಂದಿನ ರಾತ್ರಿ ಕಲ್ಲುಪ್ಪಿನ ನೀರಿನಲ್ಲಿ ಇಟ್ಟರೆ ಮಾಂಸ ಬಿಗಿಯಾಗುತ್ತದೆ, ಹೊಳಪೂ ಉಳಿಯುತ್ತದೆ. ಚಾಕು ತುಂಬಾ ಹರಿತ ಇರಬೇಕು. ಮೊಂಡು ಚಾಕು ಹಾಕಿದರೆ ಅಂಚು ಪಿಸಿದು ಹೋಗುತ್ತದೆ. ಕಿವಿರಿನ ಹಿಂದೆ ಅಲಗು ಇಡಿ. ಬೆನ್ನಿನಿಂದ ಹೊಟ್ಟೆಗೆ ಓರೆಯಾಗಿ ಬರಬೇಕು, ಜೊತೆಗೆ ಅಲಗು ಒಂದು ಪಕ್ಕಕ್ಕೂ ವಾಲಿರಬೇಕು. ಎರಡೂ ಓರೆ ಒಂದೇ ಏಟಿಗೆ, ಗರಗಸದ ಹಾಗೆ ಎಳೆದಾಡದೆ. ತಲೆ ಹೋದ ಮೇಲೆ ಮೀನಿನ ಒಂದು ಪಕ್ಕ ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಕಾಣುತ್ತದೆ. ಒಳಗಿನ ಕರುಳನ್ನು ಎಳೆದು ತೆಗೆಯಿರಿ. ಎರಡು ಗಾಳದ ಲೀಡರ್‌ನ (ಗಾಳ ಕಟ್ಟಿದ ತುದಿ ದಾರದ) ಮೇಲಿನ ಗಾಳವನ್ನು ಆ ಉದ್ದದ ಪಕ್ಕದಲ್ಲಿ ಒಳಗಿನಿಂದ ಹೊರಕ್ಕೆ ಚುಚ್ಚಿ. ಕೆಳಗಿನದನ್ನು ಬಾಲದ ಕಡೆ ಪಕ್ಕೆಗೆ ಚುಚ್ಚಬಹುದು, ಸುಮ್ನೆ ಹಿಂದೆ ತೇಲಲು ಬಿಟ್ಟರೂ ಆಯ್ತು.

ಈಗ ಬೋಟಿನ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡಿ. ಬೇಕಾದದ್ದು ಬಿಗಿಯಾದ ಸುತ್ತು. ಸ್ಕ್ರೂ ತಿರುಗಿದ ಹಾಗೆ. ದೊಡ್ಡ ವೃತ್ತದಲ್ಲಿ ಸೋಮಾರಿಯಾಗಿ ಹೊರಳುತ್ತಿದ್ದರೆ ಅಥವಾ ಸುಮ್ಮನೆ ಎಳೆದುಕೊಂಡು ಬರುತ್ತಿದ್ದರೆ ಗಾಳದ ಜಾಗ ಬದಲಿಸಿ, ಇಲ್ಲವೇ ಹೊಸದನ್ನು ಕತ್ತರಿಸಿ. ಸರಿಯಾಗಿ ಸುತ್ತದ ಎರೆಯನ್ನು ಆಳಕ್ಕೆ ಇಳಿಸಿದರೆ ಅರ್ಧ ಗಂಟೆ ದಂಡ. ನಾನು ಹೀಗೆ ಎಷ್ಟೋ ಅರ್ಧ ಗಂಟೆ ಕಳೆದಿದ್ದೇನೆ, ಕಾಫಿ ಕುಡಿಯುತ್ತಾ, ಮೀನೇ ಇಲ್ಲ ಅಂತ ಬೈಯುತ್ತಾ.

ಟ್ರೋಲಿಂಗ್, ಹಂತ ಹಂತವಾಗಿ

ಟ್ರೋಲಿಂಗ್ ಅಂದರೆ ಎರೆಯನ್ನು ನೀರಲ್ಲಿ ಎಳೆಯುತ್ತಾ ಬೋಟನ್ನು ನಿಧಾನವಾಗಿ ಓಡಿಸುವುದು. ರಾಡ್ ಒಂಬತ್ತು ಹತ್ತು ಅಡಿಯದು, ತುದಿ ಮೆತ್ತಗೆ ಬಾಗುವಂಥದ್ದು ಇರಲಿ. ಲೈನ್ 25ರಿಂದ 30 ಪೌಂಡ್ ಎಳೆತ ತಡೆಯುವ ಮಾನೊ, ಅಂದರೆ ಒಂದೇ ಎಳೆಯ ನೈಲಾನ್ ದಾರ. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನನ್ನು ತಡೆಯುವ ಬ್ರೇಕ್) ಅನ್ನು ಲೈನಿನ ಶಕ್ತಿಯ ಕಾಲು ಭಾಗಕ್ಕೆ ಇಡಿ. ಕೈ ಅಂದಾಜು ಬೇಡ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ.

1. ಬೋಟನ್ನು ಟ್ರೋಲಿಂಗ್ ವೇಗಕ್ಕೆ ತನ್ನಿ. ಚಿನೂಕ್‌ಗೆ ಎರಡು ನಾಟ್ ಆಸುಪಾಸು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ), ಕೋಹೋಗೆ ಮೂರರ ಹತ್ತಿರ. ಪಿಂಕ್, ಸಾಕೈಗೆ ಇನ್ನೂ ನಿಧಾನ.

2. ಫ್ಲ್ಯಾಷರ್ ಕಟ್ಟಿ. ಅದು 11 ಇಂಚಿನ ಹೊಳೆಯುವ ಪಟ್ಟಿ, ನೀರಲ್ಲಿ ಸುತ್ತುತ್ತಾ ದೂರದಿಂದಲೇ ಮೀನನ್ನು ಕರೆಯುತ್ತದೆ. ಹೂಚಿಗೆ ತನ್ನದೇ ಆಟ ಇಲ್ಲ, ಫ್ಲ್ಯಾಷರ್‌ನ ಒದೆತವೇ ಅದನ್ನು ಕುಣಿಸಬೇಕು. ಹಾಗಾಗಿ ಲೀಡರ್ ಗಿಡ್ಡ, 36ರಿಂದ 42 ಇಂಚು. ಹೆರಿಂಗ್ ತಾನೇ ಸುತ್ತುತ್ತದೆ, ಅದಕ್ಕೆ ಐದಾರು ಅಡಿ ಬಿಡಿ.

3. ಎರೆಯನ್ನು ಬೋಟಿನ ಹಿಂದೆ 15ರಿಂದ 20 ಅಡಿ ಬಿಟ್ಟು, ಲೈನನ್ನು ಡೌನ್‌ರಿಗರ್‌ನ ಕ್ಲಿಪ್‌ಗೆ ಸಿಕ್ಕಿಸಿ. ಡೌನ್‌ರಿಗರ್ ಅಂದರೆ 10–15 ಪೌಂಡಿನ ಗುಂಡನ್ನು ತಂತಿಯಲ್ಲಿ ಇಳಿಸುವ ರಾಟೆ. ಗುಂಡು ನಿಮ್ಮ ಎರೆಯನ್ನು ಆಳಕ್ಕೆ ಒಯ್ಯುತ್ತದೆ. ಮೀನು ಕಚ್ಚಿದಾಗ ಲೈನ್ ಕ್ಲಿಪ್‌ನಿಂದ ಬಿಡಿಸಿಕೊಳ್ಳುತ್ತದೆ.

4. ಗುಂಡನ್ನು ನಿಧಾನವಾಗಿ ಇಳಿಸಿ. ಧಡಾರನೆ ಬಿಟ್ಟರೆ ಎರೆ ತಂತಿಗೆ ಸುತ್ತಿಕೊಳ್ಳುತ್ತದೆ. ಇಳಿದ ಮೇಲೆ ರಾಡ್ ಬಿಲ್ಲಿನಂತೆ ಬಾಗುವವರೆಗೆ ರೀಲ್ ಸುತ್ತಿ.

ಈಗ ತಂತಿ ನೋಡಿ. ಅದು ನೇರ ಕೆಳಗೆ ಹೋಗುವುದಿಲ್ಲ, ಹಿಂದಕ್ಕೆ ಓರೆಯಾಗುತ್ತದೆ. ಇಳಿದ ತಂತಿಯ ಉದ್ದ ಹೇಳುವ ಕೌಂಟರ್ 100 ಅಡಿ ತೋರಿಸುತ್ತಿದೆ, ತಂತಿ ನೇರದಿಂದ 30 ಡಿಗ್ರಿ ಹಿಂದಕ್ಕೆ ವಾಲಿದೆ ಅಂದುಕೊಳ್ಳಿ. ಗುಂಡು ನಿಜಕ್ಕೂ ಇರುವುದು ಸುಮಾರು 87 ಅಡಿಯಲ್ಲಿ. 45 ಡಿಗ್ರಿ ಆದರೆ ಬರೀ 71. ಮೀನು ಇರುವ ಪದರದ ಮೇಲೆ ಎರೆ ಹಾದುಹೋಗುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ವೇಗಕ್ಕೂ ಇದೇ ತಂತಿ ಸಾಕ್ಷಿ. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗ, ಮೀನಿಗೆ ಬೇಕಾದದ್ದು ನೀರಿನೊಳಗಿನ ವೇಗ. ಎರಡು ನಾಟ್ ಹರಿವಿನ ಜೊತೆ ಹೋಗುವಾಗ ಪರದೆಯಲ್ಲಿ ನಾಲ್ಕು ಕಂಡರೆ ಗಾಬರಿಯಾಗಿ ಎಂಜಿನ್ ಇಳಿಸುತ್ತೇವೆ, ಎರೆ ಸತ್ತು ನೇತಾಡುತ್ತದೆ. ಪರದೆ ಬಿಡಿ, ತಂತಿಯ ಓರೆ ನೋಡಿ. ಮೀನು ಕಚ್ಚಿದಾಗ ಅದು ಯಾವ ಕೋನದಲ್ಲಿತ್ತು ಅಂತ ನೆನಪಿಟ್ಟುಕೊಂಡು ಮತ್ತೆ ಅದೇ ಕೋನಕ್ಕೆ ತನ್ನಿ. ಸಾಮಾನ್ಯವಾಗಿ ಹರಿವಿನ ಜೊತೆಗೇ ಟ್ರೋಲ್ ಮಾಡುವುದು ವಾಸಿ.

ನೇರ ಗೆರೆ ಎಳೆದಂತೆ ಹೋಗಬೇಡಿ. ಹಾವಿನ ಹಾಗೆ ಹೋಗಿ. ತಿರುವಿನಲ್ಲಿ ಹೊರಗಿನ ರಾಡಿನ ಎರೆ ವೇಗವಾಗಿ ಮೇಲೇರುತ್ತದೆ, ಒಳಗಿನದು ನಿಧಾನವಾಗಿ ಇಳಿಯುತ್ತದೆ. ಕಚ್ಚಿದ್ದು ಹೊರಗಿನದಕ್ಕಾದರೆ ವೇಗ ಸ್ವಲ್ಪ ಏರಿಸಿ, ಒಳಗಿನದಕ್ಕಾದರೆ ಇಳಿಸಿ. ಮೀನೇ ಬಂದು ಉತ್ತರ ಹೇಳಿದ ಹಾಗೆ ಅಲ್ವಾ?

ಕಚ್ಚಿದ ಮೇಲೆ

ಬಾಗಿದ ರಾಡ್ ಪಟ್ಟಂತ ನೆಟ್ಟಗಾಗುತ್ತದೆ. ಆಗ ಎಲ್ಲರೂ ಕೂಗುತ್ತಾರೆ, ಮಾಡಬೇಕಾದದ್ದು ಒಂದೇ: ರೀಲ್ ಸುತ್ತುವುದು, ಜೋರಾಗಿ, ಲೈನಿನ ಸಡಿಲ ಹೋಗಿ ಮೀನಿನ ತೂಕ ಕೈಗೆ ಸಿಗುವವರೆಗೆ. ಮುಳ್ಳಿಲ್ಲದ ಗಾಳ ಆದ್ದರಿಂದ ಒಂದು ಕ್ಷಣ ಸಡಿಲ ಬಿಟ್ಟರೂ ಹೋಯಿತು. ಮೀನು ಓಡಿದರೆ ಓಡಲಿ. ಹಿಡಿಕೆ ಮೇಲಿಂದ ಕೈ ತೆಗೆಯಿರಿ. ಬ್ರಿಟಿಷ್ ಕೊಲಂಬಿಯಾದ ಕಡೆ ಬಳಸುವ ಸಿಂಗಲ್ ಆಕ್ಷನ್ ರೀಲಿನಲ್ಲಿ ಮೀನು ಓಡಿದಾಗ ಹಿಡಿಕೆಯೂ ಗಿರ್ರನೆ ತಿರುಗುತ್ತದೆ. ಬೆರಳಿನ ಗೆಣ್ಣು ಒಡೆಯುವ ರೀಲ್ ಅಂತಲೇ ಅದಕ್ಕೆ ಅಡ್ಡಹೆಸರು. ಇನ್ನೊಬ್ಬರು ಆ ಹೊತ್ತಿಗೆ ಗುಂಡುಗಳನ್ನೂ ಉಳಿದ ಲೈನ್‌ಗಳನ್ನೂ ಮೇಲೆತ್ತಬೇಕು.

ಬಲೆ ಹಾಕುವಾಗಲೇ ಜಾಸ್ತಿ ಮೀನು ಕಳೆದುಹೋಗುವುದು. ಬಲೆ ಹಿಡಿದು ಮೀನನ್ನು ಅಟ್ಟಬೇಡಿ. ಬಲೆ ನೀರಲ್ಲಿ ಅಲುಗದೆ ಇರಲಿ, ರಾಡ್ ಹಿಡಿದವರು ಮೀನಿನ ತಲೆಯನ್ನು ಅದರೊಳಗೆ ತರಲಿ. ಬಾಲದ ಕಡೆಯಿಂದ ಹಾಕಿದರೆ ಒಂದೇ ಒದೆತಕ್ಕೆ ಮುಂದಕ್ಕೆ ಹಾರಿ ಹೋಗುತ್ತದೆ.

ಇಟ್ಟುಕೊಳ್ಳುವ ಮೀನಾದರೆ ತಲೆಗೆ ಒಂದು ಏಟು, ಕಿವಿರು ಕತ್ತರಿಸಿ ರಕ್ತ ಹರಿಸಿ, ನೇರ ಐಸಿಗೆ. ಡೆಕ್ ಮೇಲೆ ಬಿಸಿಲಲ್ಲಿ ಬಿದ್ದಿದ್ದ ಸಾಲ್ಮನ್‌ಗೆ ಯಾವ ಮಸಾಲೆಯೂ ಜೀವ ಕೊಡುವುದಿಲ್ಲ.

ಈಗ ಬೋಟ್

ಒಂದು ಸೀಸನ್ ಬೇರೆಯವರ ಬೋಟಿನಲ್ಲಿ, ಚಾರ್ಟರ್ ಅನ್ನುವ ಬಾಡಿಗೆ ಬೋಟಿನಲ್ಲಿ ಹೋಗಿ. ನಿಮಗೆ ಏನು ಬೇಕು ಅಂತ ಗೊತ್ತಾಗುವುದು ಆಮೇಲೆ. ಸ್ಪೋರ್ಟ್‌ಫಿಶಿಂಗ್ ಬೋಟ್ ಅಂದರೆ ಎತ್ತರದ ಗೋಪುರ ಇರುವ ದೊಡ್ಡ ಬಿಳಿ ಬೋಟ್ ಕಣ್ಣ ಮುಂದೆ ಬರುತ್ತದೆ. ಅದು ದೂರದ ಸಮುದ್ರದಲ್ಲಿ ಮಾರ್ಲಿನ್, ಟ್ಯೂನಾ ಹಿಡಿಯಲು. ಬ್ರಿಟಿಷ್ ಕೊಲಂಬಿಯಾದ ಕ್ಯಾಂಪ್‌ಬೆಲ್ ರಿವರ್ ಊರಿನಲ್ಲಿ 1924ರಿಂದ ಇರುವ ಟೈಯಿ ಕ್ಲಬ್‌ಗೆ ಸೇರಬೇಕಾದರೆ 30 ಪೌಂಡ್ ಅಥವಾ ಅದಕ್ಕೂ ದೊಡ್ಡ ಚಿನೂಕನ್ನು ಹುಟ್ಟು ಹಾಕುವ ದೋಣಿಯಿಂದಲೇ ಹಿಡಿಯಬೇಕು, ಎಂಜಿನ್ ಇಲ್ಲದೆ. ಬೋಟಿನ ಗಾತ್ರಕ್ಕೂ ಮೀನಿನ ಗಾತ್ರಕ್ಕೂ ಎಷ್ಟು ಸಂಬಂಧ ಇದೆ ಅಂತ ನೀವೇ ನೋಡಿ.

ಉದ್ದ ತೀರ್ಮಾನಿಸುವುದು ನೀರು. ಪ್ಯೂಜೆಟ್ ಸೌಂಡ್‌ನಂಥ ಒಳಸಮುದ್ರಕ್ಕೆ 18ರಿಂದ 22 ಅಡಿ ಸಾಕು. ವೆಸ್ಟ್‌ಪೋರ್ಟ್, ಯುಕ್ಲುಲೆಟ್‌ನಂಥ ಕಡೆಯಿಂದ ತೆರೆದ ಸಾಗರಕ್ಕೆ ಹೋಗುವವರಿಗೆ 22ರಿಂದ 26 ಅಡಿ. ಕೊಲಂಬಿಯಾ ನದೀಮುಖದ ಅಳಿವೆಯಲ್ಲಿ ಇಳಿತದ ನೀರು ಸಾಗರದ ಅಲೆಗೆ ಎದುರಾದಾಗ ದೊಡ್ಡ ಬೋಟುಗಳೂ ಮಗುಚಿವೆ. ಆ ಹೊತ್ತಿನಲ್ಲಿ ದಾಟದಿರುವುದೇ ಕೌಶಲ.

ತಳದ ಆಕಾರದಲ್ಲಿ ಕೊಡು-ಕೊಳ್ಳು ಇದೆ. ಚೂಪಾದ ವಿ ತಳ ಅಲೆಯನ್ನು ಸೀಳಿ ಮೆತ್ತಗೆ ಓಡುತ್ತದೆ. ಆದರೆ ನಿಧಾನವಾದಾಗ ಅತ್ತಿತ್ತ ಹೊಯ್ದಾಡುತ್ತದೆ, ಎಣ್ಣೆಯೂ ಜಾಸ್ತಿ. ಚಪ್ಪಟೆ ತಳ ನಿಂತಾಗ ಗಟ್ಟಿ, ಓಡುವಾಗ ಬೆನ್ನು ಮುರಿಯುತ್ತದೆ. ಸಾಲ್ಮನ್ ಬೇಟೆಯಲ್ಲಿ ದಿನದ ಬಹುಪಾಲು ಎರಡು ನಾಟ್‌ನಲ್ಲಿ ಕಳೆಯುವುದರಿಂದ ಹಿಂಭಾಗದಲ್ಲಿ 18–20 ಡಿಗ್ರಿ ವಿ ಇರುವುದು ನನಗೆ ಹಿಡಿಸುತ್ತದೆ. ಅಲ್ಯೂಮಿನಿಯಂ ಹಗುರ, ಬಂಡೆಗೆ ತಾಗಿದರೆ ನೆಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಸದ್ದು ಜಾಸ್ತಿ, ಗಾಳಿ ತಳ್ಳುತ್ತದೆ. ಫೈಬರ್‌ಗ್ಲಾಸ್ ಭಾರ, ಓಟ ಮೆತ್ತಗೆ. ಹಳೆಯದಾದರೆ ಒಳಗಿನ ಮರ ಕೊಳೆತಿರಬಹುದು.

ಸೆಂಟರ್ ಕನ್ಸೋಲ್, ಅಂದರೆ ನಡುವೆ ಸ್ಟೀರಿಂಗ್ ಇದ್ದು ಸುತ್ತ ತೆರೆದಿರುವ ಬೋಟ್, ಬಿಸಿಲ ನಾಡಿಗೆ ಚಂದ. ಇಲ್ಲಿ ಮಳೆ, ಮಂಜು, ಚಳಿ. ಮುಚ್ಚಿದ ಪೈಲಟ್‌ಹೌಸ್ (ಬೋಟ್ ಓಡಿಸುವವರ ಕೋಣೆ) ಇದ್ದರೆ ಸೀಸನ್ನಿಗೆ ಎಷ್ಟೋ ದಿನ ಜಾಸ್ತಿ ಸಿಗುತ್ತದೆ. ಆದರೆ ಕ್ಯಾಬಿನ್ ಬೆಳೆಯುತ್ತಾ ಹೋದಷ್ಟೂ ಹಿಂದಿನ ಡೆಕ್ ಕುಗ್ಗುತ್ತದೆ. ಮೀನು ಹಿಡಿಯುವುದು ಹಿಂದೆ ನಿಂತು, ಮಲಗುವ ಕೋಣೆಯಲ್ಲಿ ಅಲ್ಲ. ನೋಡಲು ಹೋದಾಗ ಡೆಕ್ ಮೇಲೆ ಮೂರು ಜನ ನಿಂತು ಬಲೆ ಹಾಕುವ ನಾಟಕ ಆಡಿ. ಅಂಚು ತೊಡೆಯ ನಡುವಿಗೆ ಬರಬೇಕು. ಮೊಣಕಾಲಿಗೆ ಬಂದರೆ ಮುಗ್ಗರಿಸಿ ನೀರಿಗೆ ಬೀಳುತ್ತೀರಿ. ಅಂಚಿನ ಕೆಳಗೆ ಪಾದ ತೂರುವಷ್ಟು ಜಾಗ ಇದೆಯಾ ನೋಡಿ. ಬೋಟ್ ನೀರಲ್ಲಿದ್ದಾಗ ಮೂವರೂ ಹಿಂದಿನ ಮೂಲೆಗೆ ಹೋಗಿ ನಿಲ್ಲಿ. ನೀರು ಹೊರಹೋಗುವ ತೂತಿನಿಂದ ನೀರು ಒಳಗೇ ಬಂದರೆ ಆ ಡೆಕ್ ತಗ್ಗಿನಲ್ಲಿದೆ ಅಂತ ಲೆಕ್ಕ.

ಕಿಕ್ಕರ್ ಬಗ್ಗೆ ನನ್ನದು ಹಟ. ಕಿಕ್ಕರ್ ಅಂದರೆ ದೊಡ್ಡ ಎಂಜಿನ್ ಪಕ್ಕದ ಪುಟ್ಟ ಎಂಜಿನ್, ಸಾಮಾನ್ಯವಾಗಿ 9.9 ಎಚ್‌ಪಿ. ದೊಡ್ಡದನ್ನು ಗಂಟೆಗಟ್ಟಲೆ ಕನಿಷ್ಠ ವೇಗದಲ್ಲಿ ಓಡಿಸಿದರೆ ಎಣ್ಣೆಯೂ ದಂಡ, ವೇಗವೂ ಎರಡು ನಾಟ್‌ಗೆ ಇಳಿಯದಿರಬಹುದು. ದೊಡ್ಡದು ಕೆಟ್ಟ ದಿನ ಮನೆಗೆ ತರುವುದೂ ಇದೇ. ಒಬ್ಬರೇ ಹೋಗುವವರಾದರೆ ಕಿಕ್ಕರ್‌ಗೆ ಆಟೋಪೈಲಟ್ ಹಾಕಿಸಿ. ಎರಡೂ ಕೈ ಖಾಲಿಯಾಗುತ್ತದೆ, ದೊಡ್ಡ ಪರದೆಗೆ ಸುರಿಯುವ ದುಡ್ಡಿಗಿಂತ ಇದು ಸಾರ್ಥಕ.

ಹಳೇ ಬೋಟ್ ಕೊಳ್ಳುವಾಗ ಫೈಬರ್‌ಗ್ಲಾಸನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಕ್ ಟಕ್ ಅನ್ನುತ್ತಿದ್ದದ್ದು ಡಬ್ ಅಂದರೆ ಅಲ್ಲಿ ನೀರು ಕುಡಿದಿದೆ. ಎಂಜಿನ್ ಅರ್ಧ ಎತ್ತಿ ಕೆಳಭಾಗವನ್ನು ಒತ್ತಿ, ಅದನ್ನು ಹೊತ್ತ ಹಿಂದಿನ ಗೋಡೆ ಅಲುಗಿದರೆ ಅಲ್ಲಿಂದ ಹೊರಡಿ. ಅಲ್ಯೂಮಿನಿಯಂ ಆದರೆ ಬೆಸುಗೆಯಲ್ಲಿ ಬಿರುಕು, ಬೋಲ್ಟುಗಳ ಸುತ್ತ ಬಿಳಿ ಪುಡಿ ಇದೆಯಾ ನೋಡಿ. ಗೇರ್ ಎಣ್ಣೆ ಹಾಲಿನಂತಿದ್ದರೆ ಒಳಗೆ ನೀರು ಸೇರಿದೆ. ಬೆಲೆ ಒಪ್ಪಿಗೆಯಾದ ಮೇಲೂ ಬೋಟ್ ಪರೀಕ್ಷಿಸುವ ಸರ್ವೇಯರ್‌ಗೆ ತೋರಿಸದೆ ಸಹಿ ಹಾಕಬೇಡಿ.

ನೀರಿಗಿಳಿಸಿ ಓಡಿಸಿ ನೋಡುವಾಗ ಮಾರುವವರು ಜೋರಾಗಿ ಓಡಿಸಿ ತೋರಿಸುತ್ತಾರೆ. ಅದು ಮುಗಿಯಲಿ. ಆಮೇಲೆ ಕಿಕ್ಕರ್ ಹಾಕಿ ಅರ್ಧ ಗಂಟೆ ಎರಡು ನಾಟ್‌ನಲ್ಲಿ ಓಡಿಸಿ, ಅಲೆ ಪಕ್ಕದಿಂದ ಬರುವ ಹಾಗೆ. ಮೂಗು ಅತ್ತಿತ್ತ ಅಲೆಯುತ್ತದೆಯಾ, ಹೊಗೆ ಮುಖಕ್ಕೆ ಬರುತ್ತದೆಯಾ, ಡೌನ್‌ರಿಗರ್ ತಂತಿ ಪ್ರೊಪೆಲ್ಲರ್‌ಗೆ ಸಿಗುವಷ್ಟು ಹತ್ತಿರವಾ ಎಲ್ಲವೂ ಆಗಲೇ ಗೊತ್ತಾಗುವುದು. ಟ್ರೇಲರ್ ಎಳೆಯುವ ಗಾಡಿಯ ಲೆಕ್ಕಕ್ಕೆ ಎಣ್ಣೆಯ ತೂಕವನ್ನೂ ಸೇರಿಸಿ. 100 ಗ್ಯಾಲನ್ ಪೆಟ್ರೋಲ್ ಅಂದರೆ 600 ಪೌಂಡಿಗೂ ಜಾಸ್ತಿ.

ಹೊರಡುವ ಮುನ್ನ

ಈ ನೀರು ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ. ಬಿದ್ದರೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಇರುವುದು ಸುಮಾರು ಒಂದು ಗಂಟೆ ಅನ್ನುವುದು ಇಲ್ಲಿನವರ ಲೆಕ್ಕ. ಲೈಫ್ ಜಾಕೆಟ್ ಇಲ್ಲದಿದ್ದರೆ ಮೊದಲ ನಿಮಿಷವೇ ಕಷ್ಟ. ಅದನ್ನು ಸೀಟಿನ ಕೆಳಗೆ ಇಡಬೇಡಿ, ಹಾಕಿಕೊಳ್ಳಿ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟಿನವರು ಓಡುವಾಗ ಎಂಜಿನ್ ನಿಲ್ಲಿಸುವ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಬೇಕು ಅನ್ನುವ ನಿಯಮ 2021ರ ಏಪ್ರಿಲ್‌ನಿಂದ ಇದೆ. ವಿಎಚ್‌ಎಫ್ ರೇಡಿಯೋ (ಬೋಟಿನ ರೇಡಿಯೋ) ಆಪತ್ತಿನ ಕರೆಗಿರುವ 16ನೇ ಚಾನೆಲ್‌ನಲ್ಲಿರಲಿ. ಎಣ್ಣೆಯ ಮೂರನೇ ಒಂದು ಭಾಗ ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಮೀಸಲು. ವಾಷಿಂಗ್ಟನ್‌ನಲ್ಲಿ ಸದರ್ನ್ ರೆಸಿಡೆಂಟ್ ಅನ್ನುವ ಗುಂಪಿನ ಓರ್ಕಾಗಳಿಂದ (ಕಿಲ್ಲರ್ ವೇಲ್) 1000 ಗಜ ದೂರ ಇರಬೇಕು. ಅವುಗಳ ಮುಖ್ಯ ಊಟವೂ ಚಿನೂಕೇ, ಸಾಲಿನಲ್ಲಿ ಅವು ನಮಗಿಂತ ಮುಂದೆ.

ಕೊನೆಗೆ, ಬೋಟನ್ನು ರಾಂಪ್‌ನಲ್ಲಿ ನೀರಿಗೆ ಬಿಡುವ ಮೊದಲು ಹಿಂದುಗಡೆ ಬಗ್ಗಿ ತಳದ ತೂತಿಗೆ ಪ್ಲಗ್ ಹಾಕಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ನನ್ನ ಮೊದಲ ದಿನ ಅದು ಜೇಬಿನಲ್ಲೇ ಇತ್ತು.